ಒಂದೇ ಮನೆ, ಒಂದೇ ಅಕೌಂಟು

ನನ್ನ ಫೋನಿನಲ್ಲಿ ಈಗ ನಾಲ್ಕು ಅಕೌಂಟುಗಳಿವೆ. ಪರದೆಯ ಮೇಲ್ತುದಿಯ ಪುಟ್ಟ ವೃತ್ತವನ್ನು ಒತ್ತಿದರೆ ನಾಲ್ಕೂ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಒಂದು ನನ್ನದು, ಒಂದು ಶಾಲೆಯದು, ಇನ್ನೊಂದು ತರಬೇತಿಗಳಿಗೆಂದು ಇಲಾಖೆಯವರು ಮಾಡಿಸಿದ್ದು, ಕೊನೆಯದು ಮಗಳದು. ಶಾಲೆಯ ಬಿಸಿಯೂಟದ ಫೋಟೋ ನನ್ನ ಅಕೌಂಟಿಗೆ ಬರಬಾರದು, ಮಗಳ ಹುಟ್ಟುಹಬ್ಬದ ಫೋಟೋ ಶಾಲೆಯದಕ್ಕೆ ಹೋಗಬಾರದು. ಇದರಲ್ಲಿ ನಾನು ಮಡಿಯುಟ್ಟ ಮುದುಕಿಯರಷ್ಟೇ ಕಟ್ಟುನಿಟ್ಟು.

ಗುಬ್ಬಿಯಲ್ಲಿ ನಾನು ಕೆಲಸ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇದೊಂದು ತಮಾಷೆಯ ವಿಷಯ. ಹಿಂದಿ ಮೇಷ್ಟ್ರು ನನ್ನ ಫೋನಿಗೆ ನಾಲ್ಕು ಬಾಗಿಲು, ನಾಲ್ಕಕ್ಕೂ ಬೀಗ ಎಂದು ಕಾಲೆಳೆಯುತ್ತಾರೆ. ಆದರೆ ಜಾಗ ತುಂಬಿದೆ ಎಂದು ಫೋನು ಹಟ ಹಿಡಿದಾಗ, ಹಳೇ ಫೋನಿನ ನಂಬರುಗಳು ಹೊಸದಕ್ಕೆ ಬಾರದಾಗ ಅವರೇ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ನಾನು ಸರಿ ಮಾಡಿಕೊಡುತ್ತೇನೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಸುಮ್ಮನೆ ನಕ್ಕುಬಿಡುತ್ತೇನೆ. ಕಲಿಸಿದ್ದು ನನ್ನ ಗಂಡನ ಮನೆಯವರು ಎಂದರೆ ಅವರಿಗೆ ಅರ್ಥವಾಗುವುದಿಲ್ಲ.

ಆ ಮನೆ ಇದ್ದದ್ದು ಕುಣಿಗಲ್ಲಿನ ಅಂಚಿನಲ್ಲಿ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ದೊಡ್ಡ ಜಗಲಿ. ಯಜಮಾನಿಕೆ ನನ್ನ ಗಂಡನ ಅಣ್ಣನದು. ಅವರನ್ನು ನಾನು ಭಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಕರೆಂಟು ಬಿಲ್ಲು, ಗ್ಯಾಸು, ಪಹಣಿ, ಎಲ್ಲವೂ ಭಾವನ ಹೆಸರಿನಲ್ಲಿ. ಮನೆಗೆ ಮೊದಲ ಟಚ್ ಫೋನು ತಂದವರೂ ಅವರೇ. ಮೊಬೈಲ್ ಅಂಗಡಿಯವನು ಅವರಿಗೊಂದು ಅಕೌಂಟು ಮಾಡಿಕೊಟ್ಟು, ಮನೆದೇವರ ಹೆಸರಿನ ಮುಂದೆ ಒಂದೆರಡು ಅಂಕಿ ಸೇರಿಸಿ ಪಾಸ್‌ವರ್ಡ್ ಇಟ್ಟುಕೊಟ್ಟಿದ್ದ. ಆಮೇಲೆ ನನಗೂ ನನ್ನ ಗಂಡನಿಗೂ ಅಕ್ಕನಿಗೂ ಫೋನು ಬಂದಾಗ ಅಂಗಡಿಯವನು ಮೂವರಿಗೂ ಬೇರೆ ಬೇರೆ ಅಕೌಂಟು ಮಾಡಲೇ ಎಂದು ಕೇಳಿದ. ಭಾವನಿಗೆ ಆ ಪ್ರಶ್ನೆಯೇ ಅವಮಾನದಂತೆ ಕಂಡಿತು. ‘ಒಂದೇ ಮನೇಲಿ ಇರೋರ್ಗೆ ಬ್ಯಾರೆ ಬ್ಯಾರೆ ಯಾಕಯ್ಯಾ, ನಂದೇ ಹಾಕು’ ಅಂದರು. ಅವನು ಹಾಕಿದ. ನಾವು ಮೂವರೂ ತಲೆಯಾಡಿಸಿದೆವು. ಯಾಕೆ ಬೇಡ ಎನ್ನುವುದು ಆಗ ಯಾರಿಗೆ ಗೊತ್ತಿತ್ತು?

ಅದರಿಂದ ನಡೆದ ಅನಾಹುತಗಳು ಮೊದಮೊದಲು ನಗು ತರಿಸುತ್ತಿದ್ದವು. ನನ್ನ ಫೋನಿನಲ್ಲಿ ನನ್ನ ತಾಯಿಯ ನಂಬರು ಹುಡುಕಿದರೆ ಕೊಬ್ಬರಿ ಮಂಡಿಯವರು, ಕಾಯಿ ಕೀಳುವವರು, ದನದ ಡಾಕ್ಟರು ಸಾಲಾಗಿ ಎದ್ದು ಬರುತ್ತಿದ್ದರು. ಭಾವ ಟ್ರಾಕ್ಟರ್ ಟ್ರೇಲರಿನ ಫೋಟೋ ಹಿಡಿದರೆ ಅದು ನನ್ನ ಫೋಟೋಗಳ ನಡುವೆ ಬಂದು ಕೂರುತ್ತಿತ್ತು. ನಾನು ಹೊಸ ಸೀರೆಯ ಫೋಟೋ ಹಿಡಿದರೆ ಭಾವನ ಫೋನಿಗೆ ಹೋಗುತ್ತಿತ್ತು. ಅದು ತಿಳಿದ ಮೇಲೆ ನಾನು ಸೀರೆಯ ಫೋಟೋ ಹಿಡಿಯುವುದನ್ನು ಬಿಟ್ಟೆ. ಮನೆಯ ಸೊಸೆ ಬಿಟ್ಟುಕೊಡುವ ಸಣ್ಣಪುಟ್ಟ ಸಂಗತಿಗಳ ಜೊತೆ ಇದೂ ಒಂದು ಎಂದುಕೊಂಡೆ.

ಆದರೆ ಆ ಅಕೌಂಟಿನಲ್ಲಿ ಒಂದು ಸಂಗತಿ ಇತ್ತು, ಅದು ಸಣ್ಣದಲ್ಲ.

ನನ್ನ ಮಗಳು ಹುಟ್ಟುವಾಗಲೇ ಕಿವುಡಿ. ಮೂರು ವರ್ಷ ತುಂಬುವ ಮೊದಲು ಆಪರೇಷನ್ ಮಾಡಿಸಿ, ಕಿವಿಯ ಹಿಂದೆ ಒಳಗೊಂದು ಹೊರಗೊಂದು ಯಂತ್ರ ಕೂರಿಸಿದರು. ಯಂತ್ರ ಕೂರಿಸಿದ ಕೂಡಲೇ ಮಗು ಮಾತಾಡುತ್ತದೆ ಎಂದು ಊರವರೆಲ್ಲ ಕಾದು ಕೂತಿದ್ದರು. ಹಾಗಾಗುವುದಿಲ್ಲ. ಅದಕ್ಕೆ ಕೇಳುವುದನ್ನೇ ಕಲಿಸಬೇಕು. ತುಮಕೂರಿನಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರು ಹೇಳಿಕೊಟ್ಟ ಅಭ್ಯಾಸ ಹೀಗಿತ್ತು: ತುಟಿ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದೇ ಶಬ್ದ ಮಾಡಬೇಕು. ಶಬ್ದ ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ಮನೆಯಲ್ಲಿ ಇದನ್ನು ದಿನಾ ಮಾಡಬೇಕು, ಮಾಡಿದ್ದನ್ನು ವಿಡಿಯೋ ಹಿಡಿದು ತಂದು ತೋರಿಸಬೇಕು.

ನಾನು ಆಗ ಕುಣಿಗಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಹಗಲೆಲ್ಲ ಮಗು ಅಕ್ಕನ ಹತ್ತಿರ. ಅಕ್ಕ ಓದಿದವರಲ್ಲ, ಆದರೆ ಒಂದು ಸಲ ತುಮಕೂರಿಗೆ ಬಂದು ಮೇಡಂ ಮಾಡುವುದನ್ನು ನೋಡಿದ್ದೇ ಸಾಕಾಯಿತು. ಮಣಿಯ ಬದಲು ಹುಣಸೆ ಬೀಜ, ಡಬ್ಬಿಯ ಬದಲು ಸ್ಟೀಲಿನ ತಟ್ಟೆ. ಬೀಜ ತಟ್ಟೆಗೆ ಬಿದ್ದರೆ ಟಣ್ ಎನ್ನುತ್ತದೆ, ಆ ಟಣ್ಣನ್ನೂ ಕೂಸು ಕೇಳಲಿ ಎನ್ನುವುದು ಅವರ ಲೆಕ್ಕ. ಅವರಿಗಿದ್ದದ್ದು ಇಬ್ಬರು ಗಂಡುಮಕ್ಕಳು, ಇಬ್ಬರೂ ಹಾಸ್ಟೆಲಿನಲ್ಲಿದ್ದರು. ಹೆಣ್ಣುಮಗುವಿನ ಆಸೆಯನ್ನು ಅವರು ಮುಚ್ಚಿಟ್ಟವರೇ ಅಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ, ಜಗಲಿಯ ಮೇಲೆ ಫೋನನ್ನು ಚೊಂಬಿಗೆ ಒರಗಿಸಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಎನ್ನುತ್ತಿದ್ದರು, ಊ ಎನ್ನುತ್ತಿದ್ದರು.

ಅವರು ಹಿಡಿದ ವಿಡಿಯೋ ಸ್ವಲ್ಪ ಹೊತ್ತಿಗೆ ನನ್ನ ಫೋನಿನಲ್ಲೂ ಬರುತ್ತಿತ್ತು. ಅಕೌಂಟು ಒಂದೇ ಅಲ್ಲವೇ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ನಾನು ಅದನ್ನು ನೋಡುತ್ತಿದ್ದೆ. ಒಂದು ದಿನ ಬಂದ ವಿಡಿಯೋದಲ್ಲಿ ಬೀಜ, ತಟ್ಟೆ ಏನೂ ಇರಲಿಲ್ಲ. ಮಗು ಜಗಲಿಯ ತುದಿಯಲ್ಲಿ ಒಬ್ಬಳೇ ನಿಂತಿದ್ದಳು. ಫೋನು ಹಿಡಿದಿದ್ದ ಅಕ್ಕ ಅಂಗಳದಲ್ಲಿ ದೂರ ನಿಂತು ಬರಲ್ಲ, ಬರಲ್ಲ ಎಂದು ಆಟವಾಡಿಸುತ್ತಿದ್ದರು. ಮಗು ಒಂದು ಕೈ ಚಾಚಿ, ಮುಖ ಗಂಟಿಕ್ಕಿ, ‘ಬಾ’ ಅಂದಿತು. ಸ್ಪಷ್ಟವಾಗಿ, ಸಿಟ್ಟಿನಿಂದ. ಅಲ್ಲಿಂದ ಮುಂದೆ ವಿಡಿಯೋದಲ್ಲಿ ಕಂಡದ್ದು ಬರೀ ಆಕಾಶ ಮತ್ತು ಹೆಂಚಿನ ಅಂಚು. ಅಕ್ಕ ಫೋನನ್ನು ನೆಲಕ್ಕೆ ಬಿಸಾಕಿ ಓಡಿದ್ದರು. ಅವರ ಅಳು ಮಾತ್ರ ಕೇಳುತ್ತಿತ್ತು.

ನನ್ನ ಮಗಳ ಮೊದಲ ಮಾತಿಗೆ ನಾನು ಎದುರಿರಲಿಲ್ಲ. ನಾನು ಅದನ್ನು ಕೇಳಿದ್ದು ಸ್ಟಾಫ್ ರೂಮಿನಲ್ಲಿ, ಬುತ್ತಿ ಡಬ್ಬಿಯ ಪಕ್ಕ ಇಟ್ಟ ಫೋನಿನಲ್ಲಿ. ಆ ಒಂದು ತುಣುಕು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಮಾತು ಶುರುವಾದ ಮೇಲೆ ಮೇಡಂ ವಾರಕ್ಕೆ ಮೂರು ದಿನ ಕರೆದುಕೊಂಡು ಬನ್ನಿ ಎಂದರು. ಕುಣಿಗಲ್ಲಿನಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಮಗು ಸೊರಗಿ ನಿದ್ದೆ ಹೋಗುತ್ತಿತ್ತು. ನನ್ನ ಗಂಡನಿಗೆ ತುಮಕೂರಿನಾಚೆಯ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಅವರದೂ ದಿನಾ ಅದೇ ಪಾಡು. ತುಮಕೂರಿನಲ್ಲಿ ಒಂದು ಪುಟ್ಟ ಮನೆ ಹಿಡಿದರೆ ಹೇಗೆ ಎಂದು ನನಗೆ ಹೊಳೆಯಿತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಸುಮ್ಮನೆ ಫೋನಿನಲ್ಲಿ ಬಟವಾಡಿ, ಮರಳೂರು ಕಡೆಯ ಬಾಡಿಗೆ ಮನೆಗಳನ್ನು ಹುಡುಕಿ ನೋಡಿದೆ.

ಮಾರನೆಯ ದಿನ ಭಾವ ಫೋನು ತೆಗೆದರೆ ಅದರ ತುಂಬ ತುಮಕೂರಿನ ಬಾಡಿಗೆ ಮನೆಗಳ ಜಾಹೀರಾತು. ಅಡುಗೆಮನೆಯ ಫೋಟೋ, ಬಚ್ಚಲಮನೆಯ ಫೋಟೋ, ಕೆಳಗೆ ಕರೆ ಮಾಡಿ ಎಂಬ ಬಟನ್ನು. ಅವರು ಆ ಫೋನನ್ನು ತಂದು ನನ್ನ ಗಂಡನ ತಟ್ಟೆಯ ಪಕ್ಕ ಇಟ್ಟರು. ಬೇರೆ ಹೋಗುವವರು ಬಾಯಿ ಬಿಟ್ಟು ಹೇಳಿ ಹೋಗಬೇಕು, ಕಳ್ಳರ ಹಾಗೆ ಮನೆ ಹುಡುಕಬಾರದು ಎಂದರು. ನನ್ನ ಗಂಡನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ, ಊಟದ ಎದುರು ಕಳ್ಳ ಎನಿಸಿಕೊಂಡದ್ದಕ್ಕೆ ಅಣ್ಣನ ಮೇಲೆ ಬಂತು. ಮಗುವಿನ ಸಲುವಾಗಿ ನೋಡಿದ್ದು ಎಂದು ನಾನು ಹೇಳಿದೆ. ಅದನ್ನು ಕೇಳುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ಗಂಡಸರಿಗೆ ಜಗಳವಾಡಲು ಒಳ್ಳೆಯ ಕಾರಣ ಸಿಕ್ಕರೆ ನಿಜವಾದ ಕಾರಣ ಯಾರಿಗೆ ಬೇಕು?

ಹಳೆಯ ಅಸಮಾಧಾನಗಳೆಲ್ಲ ಹೊರಬಿದ್ದು ಮಾತು ಪಾಲಿನವರೆಗೆ ಹೋಯಿತು. ಊರಿನ ಹಿರಿಯರು ಬಂದು ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಕೂತರು. ತೋಟವನ್ನು ಎರಡು ಭಾಗ ಮಾಡಿದರು. ಹಂಡೆ, ಕೊಳಗ, ಒರಳುಕಲ್ಲು, ಅಟ್ಟದ ಮೇಲಿನ ಹಳೇ ಮಂಚದವರೆಗೂ ಹಂಚಿದರು. ಯಾವ ಭಾಗ ಯಾರಿಗೆ ಎಂದು ಚೀಟಿ ಬರೆದು, ಎತ್ತಲು ಮಗುವನ್ನು ಕರೆದರು. ಚೀಟಿ ಇಟ್ಟಿದ್ದು ಅದೇ ಸ್ಟೀಲಿನ ತಟ್ಟೆಯಲ್ಲಿ. ನನ್ನ ಮಗಳು ಎತ್ತಿಕೊಂಡ ಚೀಟಿಯನ್ನು ಬಿಚ್ಚಲು ಕೊಡಲಿಲ್ಲ. ಹಿರಿಯರೊಬ್ಬರು ಹೂಂ ಎಂದದ್ದೇ ತಡ, ಹುಣಸೆ ಬೀಜದ ಹಾಗೆ ಅದನ್ನು ಮತ್ತೆ ತಟ್ಟೆಗೆ ಹಾಕಿ, ಭೇಷ್ ಅನ್ನಲಿ ಎಂದು ದೊಡ್ಡಮ್ಮನ ಮುಖ ನೋಡಿದಳು. ಅಕ್ಕ ಎದ್ದು ಒಳಗೆ ಹೋದರು.

ಎಲ್ಲ ಮುಗಿದು ಹಿರಿಯರು ಏಳುವ ಹೊತ್ತಿಗೆ ಭಾವ ಇನ್ನೊಂದು ಮಾತು ತೆಗೆದರು. ಇನ್ನು ಮೇಲೆ ಅವರ ಫೋನಿಗೆ ನಮ್ಮ ಸಂಸಾರದ ಫೋಟೋಗಳು ಬರಕೂಡದು ಎಂದು. ಹಿರಿಯರಿಗೆ ಅದೇನೆಂದು ತಿಳಿಯಲಿಲ್ಲ. ನನ್ನ ಗಂಡ ತಮ್ಮ ಫೋನು ತೆಗೆದರು, ನನ್ನ ಕೈಯಲ್ಲಿದ್ದುದನ್ನೂ ಕಿತ್ತುಕೊಂಡರು. ಎಲ್ಲರೂ ನೋಡುವ ಹಾಗೆ ಎರಡನ್ನೂ ಎತ್ತಿ ಹಿಡಿದು, ಎರಡರಿಂದಲೂ ಆ ಅಕೌಂಟನ್ನು ತೆಗೆದುಹಾಕಿದರು. ‘ನಿನ್ನ ಅಕೌಂಟೂ ಬೇಡ, ನಿನ್ನ ಹಂಗೂ ಬೇಡ’ ಅಂದರು. ಅಲ್ಲಿದ್ದ ಗಂಡಸರೆಲ್ಲ ಮೆಚ್ಚಿಕೊಂಡವರಂತೆ ತಲೆಯಾಡಿಸಿದರು. ಹಂಗು ಹರಿದುಕೊಳ್ಳುವುದು ನಮ್ಮ ಕಡೆ ದೊಡ್ಡಸ್ತಿಕೆ.

ತುಮಕೂರಿನ ಹೊಸ ಮನೆಗೆ ಹೋದ ಸಂಜೆ ನಾನು ಆ ‘ಬಾ’ ಕೇಳೋಣ ಎಂದು ಫೋನು ತೆಗೆದೆ. ಫೋಟೋಗಳ ಜಾಗದಲ್ಲಿ ಪಾಲಿನ ಹಿಂದಿನ ದಿನ ಹಿಡಿದ ಒಂದೆರಡು ಚಿತ್ರ ಬಿಟ್ಟು ಏನೂ ಇರಲಿಲ್ಲ. ಜಾಗ ತುಂಬಿದೆ ಎಂದು ಫೋನು ಕೇಳಿದಾಗಲೆಲ್ಲ ನಾವು ಖಾಲಿ ಮಾಡು ಎಂದು ಒತ್ತುತ್ತಿದ್ದೆವು. ಅದು ಎಲ್ಲವನ್ನೂ ಅಕೌಂಟಿಗೆ ಕಳಿಸಿ, ಇಲ್ಲಿಂದ ಅಳಿಸುತ್ತಿತ್ತು. ಬೆರಳಿಟ್ಟರೆ ತೆರೆಯುತ್ತಿತ್ತಾದ್ದರಿಂದ ನಮ್ಮ ಕೈಯಲ್ಲೇ ಇದೆ ಎಂದು ನಾವು ನಂಬಿದ್ದೆವು. ಇದ್ದದ್ದೆಲ್ಲ ಭಾವನ ಅಕೌಂಟಿನಲ್ಲಿ.

ನನ್ನ ಅಳು ನೋಡಿ ಗಂಡ ಅದೇ ಅಕೌಂಟನ್ನು ಮತ್ತೆ ಹಾಕಲು ನೋಡಿದರು. ಮನೆದೇವರ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಆದರೆ ಫೋನು, ನಿಮ್ಮ ಇನ್ನೊಂದು ಫೋನಿನಲ್ಲಿ ಒಪ್ಪಿಗೆ ಕೊಡಿ ಎಂದಿತು. ಆ ಇನ್ನೊಂದು ಫೋನು ಇದ್ದದ್ದು ಭಾವನ ಜೇಬಿನಲ್ಲಿ. ಒಳಗೆ ಬರುತ್ತಿರುವುದು ನೀವೇನಾ ಎಂದು ಅದು ಅಲ್ಲಿ ಕೇಳಿರಬೇಕು. ನಾವಿಬ್ಬರೂ ಪರದೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ, ನಿಮ್ಮ ಕೋರಿಕೆಯನ್ನು ನಿರಾಕರಿಸಲಾಗಿದೆ ಎಂದು ಬಂತು. ಒಡಹುಟ್ಟಿದ ಅಣ್ಣ, ಕುಣಿಗಲ್ಲಿನಲ್ಲಿ ಕೂತು, ಅಲ್ಲ ಎಂದು ಒತ್ತಿದ್ದರು. ಪಾಸ್‌ವರ್ಡನ್ನೂ ಆವತ್ತೇ ಬದಲಾಯಿಸಿದರು. ನನ್ನ ಗಂಡ, ಆ ಮನೆಯ ಹೊಸಲು ನಾನಾಗಲೀ ನನ್ನ ಮಗಳಾಗಲೀ ಮೆಟ್ಟಿದರೆ ಕೇಳು ಎಂದು ಮನೆದೇವರ ಮೇಲೆ ಆಣೆ ಇಟ್ಟರು. ಪಾಸ್‌ವರ್ಡಿಗೂ ಅದೇ ದೇವರು, ಆಣೆಗೂ ಅದೇ ದೇವರು.

ಆ ವಾರವೇ ನಾನು ನನ್ನದೇ ಅಕೌಂಟು ಮಾಡಿಕೊಂಡೆ. ಅದರ ಹಿಂದುಮುಂದೆಲ್ಲ ಕಲಿತೆ. ಎಲ್ಲಿ ಏನು ಉಳಿಯುತ್ತದೆ, ಯಾವುದನ್ನು ಅಳಿಸಿದರೆ ಎಲ್ಲೆಲ್ಲಿ ಅಳಿಯುತ್ತದೆ ಎಂದು ತಿಳಿಯುವವರೆಗೆ ಬಿಡಲಿಲ್ಲ. ಊರು ಸೂರೆಯಾದ ಮೇಲೆ ಕೋಟೆ ಕಟ್ಟಿದ ಹಾಗಾಯಿತು, ಆದರೂ ಕಟ್ಟಿದೆ.

ವರ್ಷಗಳು ಹೋದವು. ನನಗೆ ಸರ್ಕಾರಿ ಕೆಲಸ ಸಿಕ್ಕಿ ದಿನಾ ಗುಬ್ಬಿಗೆ ಹೋಗಿಬರತೊಡಗಿದೆ. ಮಗಳು ಎಲ್ಲರ ಜೊತೆ ಮಾಮೂಲಿ ಶಾಲೆಗೆ ಹೋದಳು, ಈಗ ಅವಳನ್ನು ಸುಮ್ಮನಿರಿಸುವುದೇ ಕಷ್ಟ. ಹೋದ ವರ್ಷ ಒಂದು ಸಂಜೆ, ಗೆಳತಿಯೊಬ್ಬಳ ಮನೆಯಲ್ಲಿ ಅವಳ ಚಿಕ್ಕಂದಿನ ವಿಡಿಯೋ ನೋಡಿ ಬಂದವಳು, ತಾನು ಮೊದಲು ಮಾತಾಡಿದ್ದನ್ನು ತೋರಿಸು ಎಂದಳು. ಬೇರೆ ಮಕ್ಕಳ ಮೊದಲ ಮಾತು ಒಂದು ಮುದ್ದಿನ ಸಂಗತಿ. ಇವಳಿಗೆ ಅದು ಗೆದ್ದು ತಂದದ್ದು. ಏನು ಹೇಳಲಿ? ಆಮೇಲೆ ತೋರಿಸುತ್ತೇನೆ ಎಂದೆ. ಅವಳು ಬಿಡುವವಳಲ್ಲ, ದಿನಾ ಕೇಳಿದಳು.

ಕೊನೆಗೆ ಒಂದು ಭಾನುವಾರ ಗಂಡನಿಗೆ ಹೇಳದೆ ಕುಣಿಗಲ್ ಬಸ್ಸು ಹತ್ತಿದೆ. ಆಣೆಯನ್ನು ಇಟ್ಟವರೇ ಕಾಯಲಿ. ಭಾವ ಮನೆಯಲ್ಲಿರಲಿಲ್ಲ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ನೀರು ತಂದುಕೊಟ್ಟರು. ಕೂಸು ಹೇಗಿದ್ದಾಳೆ ಎಂದು ಕೇಳಿದರು. ನಾನು ಬಂದ ಕಾರಣ ಹೇಳಿದೆ. ಅವರು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ತೆಗೆದು, ಹುಡುಕದೆ, ತಡವರಿಸದೆ, ನೇರವಾಗಿ ಅದನ್ನೇ ತೆರೆದರು. ದಿನಾ ನೋಡುವವರಿಗೆ ಮಾತ್ರ ಹಾಗೆ ಸಿಗುತ್ತದೆ. ಮಗು ಕೈ ಚಾಚಿತು, ಬಾ ಅಂದಿತು. ಆಕಾಶ ಬಂತು, ಹೆಂಚು ಬಂತು. ಇಬ್ಬರೂ ಅಲ್ಲೇ ಕೂತು ನೋಡಿದೆವು.

ಕಳಿಸಿಕೊಳ್ಳುತ್ತೇನೆ ಕೊಡಿ ಎಂದು ಕೈ ಚಾಚಿದೆ. ಅಕ್ಕ ಫೋನನ್ನು ಸೆರಗಿನೊಳಗೆ ಎಳೆದುಕೊಂಡರು.

‘ತೋಟ ಅವರಿಬ್ರೂ ಹಂಚ್ಕೊಂಡ್ರು. ಹಂಡೆ ಕೊಳಗ ಹಂಚ್ಕೊಂಡ್ರು. ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಕೂಸ್ನ ಎತ್ಕೊಂಡು ಹೊಂಟೋದ್ರಿ. ಇದು ನನ್ನ ಪಾಲು ಕಣೇ.’

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತವಳು ನಾನು ಎಂದೆ. ಮಾತು ಕಲಿಸಿದ್ದು ಯಾರು ಎಂದರು. ಅದು ನಿಜವಾದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು. ಆದರೂ ಸಮಾಧಾನ ತಂದುಕೊಂಡು, ಗೊತ್ತಿದ್ದದ್ದನ್ನು ಬಿಡಿಸಿ ಹೇಳಿದೆ. ಆ ವಿಡಿಯೋ ನಿಮ್ಮ ಫೋನಿನಲ್ಲಿಲ್ಲ, ಭಾವನ ಅಕೌಂಟಿನಲ್ಲಿದೆ. ಅವರು ಅಲ್ಲಿ ಅಳಿಸಿದರೆ ಇಲ್ಲೂ ಹೋಗುತ್ತದೆ. ನನಗೊಂದು, ನಿಮಗೊಂದು ಬೇರೆ ಮಾಡಿ ಇಡುತ್ತೇನೆ, ಒಂದು ನಿಮಿಷ ಫೋನು ಕೊಡಿ. ಅಕ್ಕ ನನ್ನನ್ನೇ ನೋಡಿದರು. ಓದಿದವಳು ಬಂದು ಓದದವಳಿಗೆ ಟೋಪಿ ಹಾಕುತ್ತಿದ್ದಾಳೆ ಎನ್ನುವ ನೋಟ ಅದು. ನನ್ನ ಕೈಯಲ್ಲೇ ಇದೆಯಲ್ಲ, ಹೋಗುವುದೆಲ್ಲಿಗೆ ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, ‘ಅವಳ್ನ ಕರ್ಕೊಂಡ್ ಬಾ. ಅವಳ ಕೈಗೇ ಕೊಡ್ತೀನಿ. ನಿನ್ ಕೈಗೆ ಕೊಡಲ್ಲ’ ಅಂದರು. ಹೊರಡುವಾಗ ಕುಂಕುಮ ಕೊಟ್ಟರು. ನಾನು ಇಟ್ಟುಕೊಂಡು ಬಂದೆ.

ಗಂಡನಿಗೆ ವಿಷಯ ಹೇಳಿದೆ. ಹೋಗಿದ್ದಕ್ಕೇ ಎರಡು ದಿನ ಮಾತು ಬಿಟ್ಟರು. ಮಗಳನ್ನು ಕಳಿಸುವ ಮಾತಿಗೆ, ಆಣೆ ಎಂದರು. ಒಂದು ವಿಡಿಯೋಗೆ ಅಣ್ಣನ ಕಾಲು ಹಿಡಿಯಬೇಕೇ ಎಂದರು. ಅವರು ಕಾಲು ಹಿಡಿಯುವುದು ಬೇಡ, ಬಸ್ಸು ಹತ್ತಿದರೆ ಸಾಕಿತ್ತು. ರಜೆ ಬರಲಿ, ಅವರನ್ನು ಒಪ್ಪಿಸುತ್ತೇನೆ, ಒಪ್ಪದಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಕಾದೆ.

ರಜೆ ಬರುವ ಮೊದಲು ಅಕ್ಕನ ಫೋನು ಬಂತು. ಪಾಲಾದ ಮೇಲೆ ಅವರಾಗಿ ಮಾಡಿದ ಮೊದಲ ಕರೆ. ನಾನು ಗುಬ್ಬಿಯಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದೆ, ಮಗಳು ಫೋನು ತಂದು ಕಿವಿಗೆ ಹಿಡಿದಳು. ಅಕ್ಕ ಹೇಳಿದ್ದು ಇಷ್ಟು. ಭಾವನ ಅಕೌಂಟು ತುಂಬಿ, ಮಂಡಿಯವರು ಕಳಿಸಿದ ಮೇಲ್ ಬಾರದೇ ಹೋಯಿತಂತೆ. ಅವರು ಅಂಗಡಿಗೆ ಹೋಗಿ, ಹಳೆಯವನ್ನೆಲ್ಲ ತೆಗಿ ಎಂದರಂತೆ. ಅಂಗಡಿಯವನು ತೀರ ಹಳೆಯದರಿಂದ ಹಿಡಿದು ಅಳಿಸುತ್ತ ಬಂದ, ಅಳಿಸಿದ್ದು ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿಕೊಟ್ಟ. ಕೊಬ್ಬರಿ ಚೀಲದ ಫೋಟೋಗಳೆಲ್ಲ ಉಳಿದಿವೆ.

‘ನನ್ ಫೋನು ಮನೇಲೇ ಇತ್ತು ಕಣೇ,’ ಅಂದರು ಅಕ್ಕ. ‘ಯಾರ್ ಕೈಗೂ ಕೊಡ್ಲಿಲ್ಲ. ಸೊಂಟದಲ್ಲೇ ಇತ್ತು.’

ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರು ಅಳುತ್ತಿದ್ದರು. ಅಕ್ಕನ ಮೇಲೆ ಸಿಟ್ಟು ಮಾಡಲೇ, ಭಾವನ ಮೇಲೆ ಮಾಡಲೇ, ನನ್ನ ಗಂಡನ ಮೇಲೆ ಮಾಡಲೇ? ಒಬ್ಬರು ಅಲ್ಲ ಎಂದು ಒತ್ತಿದರು, ಒಬ್ಬರು ತೆಗೆದುಹಾಕು ಎಂದು ಒತ್ತಿದರು. ಒತ್ತುವ ಅಧಿಕಾರವೇ ಇಲ್ಲದ ನಾವಿಬ್ಬರು ಅದು ನನ್ನದು ನನ್ನದು ಎಂದು ಕಿತ್ತಾಡಿದೆವು. ನಾನು ಕರೆ ಮುಗಿಸಿದೆ.

ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಈಗ ಚೆನ್ನಾಗಿ ಕೇಳುತ್ತದೆ.

ನಾನು ಅದರಲ್ಲಿ ಏನು ಅಂದಿದ್ದೆ ಎಂದು ಕೇಳಿದಳು. ಬಾ ಅಂದಿದ್ದೆ ಎಂದೆ. ಯಾರಿಗೆ ಎಂದಳು. ದೊಡ್ಡಮ್ಮನಿಗೆ ಎಂದೆ. ಬಂದರಾ ಎಂದಳು. ಬಂದರು, ಕೈಯಲ್ಲಿದ್ದ ಫೋನು ಬಿಸಾಕಿ ಓಡಿ ಬಂದರು ಎಂದೆ.

ಅವಳು ಕೇಳಿದಳು: ‘ಹಂಗಾದ್ರೆ ಈಗ್ಯಾಕಮ್ಮ ಬರಲ್ಲ?’

ಒಳಗೆ ಅವಳಪ್ಪ ಟೀವಿ ನೋಡುತ್ತಿದ್ದರು. ಹೋಗಿ ನಿಮ್ಮಪ್ಪನನ್ನೇ ಕೇಳು ಎಂದು ಅವಳನ್ನು ಒಳಗೆ ಕಳಿಸಿದೆ. ಅವಳು ಹೋಗಿ ಕೇಳಿದಳು. ಟೀವಿಯ ಸದ್ದು ಸ್ವಲ್ಪ ಜೋರಾಯಿತು.